ಪಾಶ್ಚಾತ್ಯರ ಇತಿಹಾಸವನ್ನು ನಾವೇಕೆ ಓದಬೇಕು?

ಜುಮಾದ ಬಯಾನಿನಲ್ಲಿ ‘ಪಾಶ್ಚಾತ್ಯ ಸಂಸ್ಕೃತಿ’ ಎಂಬ ಮಾತು ಬಂದರೆ ಸಫ್‌ನಲ್ಲಿ ಕೂತವರಿಗೆಲ್ಲ ಅರ್ಥ ಆಗಿಬಿಡುತ್ತದೆ. ಅರೆಬರೆ ಬಟ್ಟೆ, ಕುಡಿತ, ಮುಪ್ಪಿನ ತಾಯಿ-ತಂದೆಯನ್ನು ವೃದ್ಧಾಶ್ರಮಕ್ಕೆ ಬಿಡುವುದು, ನಿಕಾಹ್ ಇಲ್ಲದೆ ಕೂಡಿ ಬಾಳುವುದು. ಪಟ್ಟಿ ಅಲ್ಲಿಗೆ ಮುಗಿಯಿತು. ಅದೇ ಸಫ್‌ನಲ್ಲಿ ಕೂತವರು ಸೋಮವಾರ ಸಾಲ ಮಾಡಿ ಮಗುವಿಗೆ ಇಂಗ್ಲಿಷ್ ಮೀಡಿಯಂ ಡೊನೇಷನ್ ಕಟ್ಟುತ್ತಾರೆ. ಮಗನಿಗೆ ಜರ್ಮನಿಯಲ್ಲೋ ಕೆನಡಾದಲ್ಲೋ ನೌಕರಿ ಸಿಕ್ಕರೆ ಓಣಿಗೆಲ್ಲ ಮಿಠಾಯಿ ಹಂಚುತ್ತಾರೆ. ಎರಡನ್ನೂ ನಾನು ತಪ್ಪೆನ್ನುವುದಿಲ್ಲ. ಖತೀಬರ ಎಚ್ಚರಿಕೆಗೆ ಕಾರಣವಿದೆ, ತಂದೆಯ ಆಸೆಗೂ ಕಾರಣವಿದೆ. ಆದರೆ ಬೈಯುವುದು ಮತ್ತು ಬಯಸುವುದು, ಇವೆರಡರ ನಡುವೆ ಮಾಡಬೇಕಿದ್ದ ಒಂದು ಕೆಲಸವನ್ನು ನಾವು ಬಿಟ್ಟಿದ್ದೇವೆ. ಆ ಜನ ಯಾರು, ಎಲ್ಲಿಂದ ಬಂದರು, ಏನು ನಂಬಿದ್ದರು, ತಮ್ಮತಮ್ಮಲ್ಲೇ ಏತಕ್ಕಾಗಿ ಹೊಡೆದಾಡಿದರು ಎಂಬುದನ್ನು ಕೂತು ಓದುವ ಕೆಲಸ ಅದು.

ಕಮರಿಪೇಟೆಯ ಹುಡುಗರನ್ನು ಈ ಬಗ್ಗೆ ಕೇಳಿದರೆ, “ಅದೆಲ್ಲ ದೂರದ ದೇಶದ ಕಥೆ, ನಮಗೇಕೆ?” ಎನ್ನುತ್ತಾರೆ. ದೂರದ ಕಥೆ ಎಂಬುದೇ ಸರಿಯಲ್ಲ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಊರಿನಲ್ಲೇ.

1818ರ ಹೊತ್ತಿಗೆ ಪೇಶ್ವೆಗಳ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿ ಸರ್ಕಾರದ ಕೈಗೆ ಬಂತು. ಆಳುವವರು ಇಂಗ್ಲಿಷರು. ಆದರೆ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆ ಹೂಡಿದ ಬಾಸೆಲ್ ಮಿಷನ್‌ನವರು ಇಂಗ್ಲಿಷರಲ್ಲ. ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಊರು. 1815ರಲ್ಲಿ ಅಲ್ಲಿ ಹುಟ್ಟಿದ ಆ ಸಂಸ್ಥೆಯ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನ್ ಮಾತನಾಡುವ ಸೀಮೆಯವರು. ಅವರದು ಕಟ್ಟುನಿಟ್ಟಿನ ಭಕ್ತಿಮಾರ್ಗ. ಕುಡಿತ, ಇಸ್ಪೀಟು, ಕುಣಿತ, ಆಡಂಬರ ಯಾವುದೂ ಕೂಡದು. ಈ ವಿಷಯಗಳ ಮೇಲೆ ಅವರ ಉಪದೇಶ ಕೇಳಿದ್ದರೆ ನಮ್ಮ ಓಣಿಯ ಹಿರಿಯರು ತಲೆದೂಗುತ್ತಿದ್ದರೋ ಏನೋ. ಹಾಗಾದರೆ ‘ಪಾಶ್ಚಾತ್ಯ’ ಯಾರು? ದಂಡಿನ ಪೇಟೆಯಲ್ಲಿ ಕುಡಿದು ತೂರಾಡುತ್ತಿದ್ದ ಗೋರಾ ಸಿಪಾಯಿಯೋ, ಕುಡಿಯಬೇಡವೆಂದು ಸಂತೆಯಲ್ಲಿ ನಿಂತು ಹೇಳುತ್ತಿದ್ದ ಪಾದ್ರಿಯೋ? ಇಬ್ಬರೂ ಹೌದು. ಒಂದೇ ಹೆಸರಿನಡಿ ಇಬ್ಬರನ್ನೂ ಕಟ್ಟಿಹಾಕಿದರೆ ಯಾರನ್ನೂ ಅರಿತಂತಾಗುವುದಿಲ್ಲ.

ಆ ಪಾದ್ರಿಗಳು ಬಂದದ್ದು ಮತಪ್ರಚಾರಕ್ಕೆ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಈ ನೆಲದ ಎಲ್ಲ ಧರ್ಮಗಳನ್ನೂ, ನಮ್ಮದನ್ನೂ ಸೇರಿಸಿ, ಅವರು ಖಂಡಿಸಿದರು. ಆದರೆ ಅವರಲ್ಲೇ ಒಬ್ಬರಾದ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಧಾರವಾಡಕ್ಕೆ ಬಂದು, ಹತ್ತಾರು ವರ್ಷ ಪದ ಕೂಡಿಸಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಕನ್ನಡಕ್ಕೆ ಬಂದು ಸೇರಿದ ಹಿಂದೂಸ್ತಾನಿ ಪದಗಳಿಗೂ ಅದರಲ್ಲಿ ಗುರುತು ಹಾಕಿ ಜಾಗ ಕೊಟ್ಟಿದ್ದಾರೆ. ಧಾರವಾಡದ ಕಿಟ್ಟೆಲ್ ಕಾಲೇಜು ಅವರ ಹೆಸರಿನದೇ. ಇನ್ನು 1914ರಲ್ಲಿ ಮಹಾಯುದ್ಧ ಶುರುವಾದಾಗ ಏನಾಯಿತು ನೋಡಿ. ಅದುವರೆಗೆ ಇಂಗ್ಲಿಷ್ ಸರ್ಕಾರದ ನೆರಳಲ್ಲಿದ್ದ ಬಾಸೆಲ್ ಮಿಷನ್‌ನ ಜರ್ಮನ್ ಪಾದ್ರಿಗಳು ಅದೇ ಸರ್ಕಾರಕ್ಕೆ ಶತ್ರುಗಳಾದರು. ಅವರನ್ನು ಹಿಡಿದು ಕೂಡಿಹಾಕಿ ಆಮೇಲೆ ದೇಶದಿಂದ ಹೊರಗೆ ಕಳಿಸಿದರು, ಮಿಷನ್‌ನ ಕಾರ್ಖಾನೆಗಳು ಕೈಬಿಟ್ಟು ಹೋದವು. ಬಿಳಿಯರು ಒಂದಾಗಿ ಬಂದು ನಮ್ಮನ್ನು ಆಳಿದರು ಎಂದು ಸಲೀಸಾಗಿ ಹೇಳುತ್ತೇವಲ್ಲ, ಆ ‘ಒಂದು’ ಎಷ್ಟು ಗಟ್ಟಿ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಬಾಸೆಲ್‌ನ ಹೆಸರು ಬಂದ ಮೇಲೆ ಆಗ್ರಾದ ಸಂಗತಿಯೊಂದನ್ನು ಹೇಳಲೇಬೇಕು. ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕಾದದ್ದು, ಗೊತ್ತಿರುವವರು ಕಡಿಮೆ. ಹುಬ್ಬಳ್ಳಿಗೆ ಪಾದ್ರಿಗಳನ್ನು ಕಳಿಸಿದ ಆ ಬಾಸೆಲ್ ಶಾಲೆಯಲ್ಲೇ ತಯಾರಾದವರು ಕಾರ್ಲ್ ಫಾಂಡರ್. ಮೊದಲು ಕಾಕಸಸ್ ಪ್ರಾಂತದಲ್ಲಿ ಕೆಲಸ ಮಾಡಿ, ಆಮೇಲೆ ಇಂಗ್ಲಿಷರ ಮಿಷನ್ ಸೇರಿ ಆಗ್ರಾಕ್ಕೆ ಬಂದರು. ಫಾರಸಿ ಬಲ್ಲವರು. ಇಸ್ಲಾಮಿನ ವಿರುದ್ಧ ಅವರು ಬರೆದ ‘ಮೀಜಾನುಲ್ ಹಕ್’ ಎಂಬ ಪುಸ್ತಕ ಉತ್ತರ ಹಿಂದೂಸ್ತಾನದಲ್ಲೆಲ್ಲ ಹರಡಿ ಆಲಿಮರಿಗೆ ತಲೆನೋವಾಗಿತ್ತು. 1854ರ ಏಪ್ರಿಲ್ 10 ಮತ್ತು 11ರಂದು ಆಗ್ರಾದಲ್ಲಿ ಅವರೊಡನೆ ಬಹಿರಂಗ ಮುನಾಜರಾಕ್ಕೆ ಕೂತವರು ಮೌಲಾನಾ ರಹ್ಮತುಲ್ಲಾ ಕೈರಾನವಿ. ಮೌಲಾನಾ ಅವರ ಪಕ್ಕದಲ್ಲಿದ್ದವರು ಡಾಕ್ಟರ್ ವಜೀರ್ ಖಾನ್.

ಈ ವಜೀರ್ ಖಾನರನ್ನು ನಾವು ನೆನೆಯುವುದೇ ಇಲ್ಲ. ಅವರು ಇಂಗ್ಲೆಂಡಿಗೆ ಹೋಗಿ ವೈದ್ಯಶಾಸ್ತ್ರ ಕಲಿತವರು. ಅಲ್ಲಿದ್ದಾಗ ವೈದ್ಯದ ಜೊತೆಗೆ ಇನ್ನೊಂದನ್ನೂ ಗಮನಿಸಿದರು. ಯುರೋಪಿನ ಕ್ರೈಸ್ತ ವಿದ್ವಾಂಸರು, ಅದರಲ್ಲೂ ಜರ್ಮನರು, ತಮ್ಮ ಬೈಬಲ್‌ನ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ಎಲ್ಲೆಲ್ಲಿ ಪಾಠ ಬೇರೆಯಾಗುತ್ತದೆ, ಯಾವ ಭಾಗ ಯಾವ ಕಾಲದ್ದು ಎಂದು ತಾವೇ ಚರ್ಚೆ ಮಾಡುತ್ತಿದ್ದರು. ಅಂಥ ಪುಸ್ತಕಗಳನ್ನು ಅವರು ಹೊತ್ತು ತಂದರು, ಮೌಲಾನಾರಿಗೆ ಓದಿ ಹೇಳಿದರು. ಮುನಾಜರಾದ ದಿನ ಮೌಲಾನಾ ಎತ್ತಿದ ಪ್ರಶ್ನೆಗಳು ಆ ಯುರೋಪಿಯನ್ ವಿದ್ವಾಂಸರ ಬರಹದಿಂದಲೇ ಬಂದವು. ಫಾಂಡರ್ ಓದಿ ಬಂದಿದ್ದ ಕಾಲಕ್ಕೂ ಈ ಪ್ರಶ್ನೆಗಳಿಗೂ ನಡುವೆ ಯುರೋಪು ಬಹಳ ಮುಂದೆ ಹೋಗಿತ್ತು. ನಕಲು ಮಾಡುವವರ ಕೈಯಲ್ಲಿ ಪಾಠ ಅಲ್ಲಲ್ಲಿ ಬದಲಾಗಿರುವುದನ್ನು ಅವರು ಒಪ್ಪಬೇಕಾಯಿತು. ಅದರಿಂದ ಮೂಲ ನಂಬಿಕೆಗೆ ಧಕ್ಕೆಯಿಲ್ಲ ಎಂಬುದು ಅವರ ವಾದ. ಎರಡೂ ಕಡೆಯವರು ತಾವೇ ಗೆದ್ದೆವು ಎಂದುಕೊಂಡು ಎದ್ದರು.

ಯಾರು ಗೆದ್ದರು ಎಂಬುದು ಇಲ್ಲಿ ನನಗೆ ಮುಖ್ಯವಲ್ಲ. ಒಂದು ಕಡೆ ಫಾರಸಿ, ಅರಬಿ ಕಲಿತ ಜರ್ಮನ್ ಪಾದ್ರಿ. ಇನ್ನೊಂದು ಕಡೆ ಪಾದ್ರಿಗಿಂತ ಹೊಸ ಯುರೋಪಿಯನ್ ಪುಸ್ತಕ ಓದಿದ ಮುಸ್ಲಿಂ ಡಾಕ್ಟರು. ಆ ಎರಡು ದಿನ ಕೂಗಾಟಕ್ಕೆ ಬೆಲೆ ಇರಲಿಲ್ಲ, ಓದಿಗೆ ಇತ್ತು. 1857ರ ನಂತರ ಮೌಲಾನಾ ಮಕ್ಕಾಕ್ಕೆ ಹಿಜ್ರತ್ ಮಾಡಿದರು. ಅಲ್ಲಿ ಅವರು ಕಟ್ಟಿದ ಮದ್ರಸಾ ಸೌಲತಿಯಾಕ್ಕೆ ಆ ಹೆಸರು ಬಂದದ್ದು ಹಣ ಕೊಟ್ಟ ಕಲ್ಕತ್ತಾದ ಸೌಲತುನ್ನಿಸಾ ಬೇಗಂ ಅವರಿಂದ. 1864ರಲ್ಲಿ ಉಸ್ಮಾನಿ ಸುಲ್ತಾನರ ಕೋರಿಕೆಯಂತೆ ಬರೆದು ಪ್ರಕಟವಾದ ಅವರ ‘ಇಜ್‌ಹಾರುಲ್ ಹಕ್’ ಗ್ರಂಥವನ್ನು ಇಂದಿಗೂ ಓದುತ್ತಾರೆ. ಆ ಗ್ರಂಥದ ಹೆಸರು ಹೇಳಿ ಹೆಮ್ಮೆಪಡುವವರಲ್ಲಿ ಎಷ್ಟು ಜನ ವಜೀರ್ ಖಾನರ ಪುಸ್ತಕದ ಪೆಟ್ಟಿಗೆಯನ್ನು ನೆನೆಯುತ್ತಾರೆ?

ಇದಕ್ಕಿಂತ 66 ವರ್ಷ ಹಿಂದಿನ, ನಮ್ಮದೇ ನಾಡಿನ ಇನ್ನೊಂದು ಘಟನೆಯಿದೆ. ಹಜ್ರತ್ ಟಿಪ್ಪು ಸುಲ್ತಾನರಿಗೆ ಯುರೋಪಿನ ಬಗ್ಗೆ ಇದ್ದ ಕುತೂಹಲ ಆ ಕಾಲದ ಹಿಂದೂಸ್ತಾನದ ಅರಸರಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ನನಗೆ ಸಂಶಯ. ಗಡಿಯಾರ, ಬಂದೂಕು, ಪಿಂಗಾಣಿ, ಹೊಸ ಗಿಡದ ಬೀಜ ಎಲ್ಲವೂ ಅವರಿಗೆ ಬೇಕು. 1788ರಲ್ಲಿ ಅವರ ಮೂವರು ರಾಯಭಾರಿಗಳಾದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಫ್ರಾನ್ಸಿಗೆ ಹೋದರು. ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ರಾಜ 16ನೇ ಲೂಯಿ ಅವರನ್ನು ಭಾರೀ ವೈಭವದಿಂದ ಬರಮಾಡಿಕೊಂಡ. ಕೇಳಿದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಸಿಕ್ಕಿದ್ದು ಉಡುಗೊರೆ, ಬೀಜ, ಒಂದಷ್ಟು ಕುಶಲಕರ್ಮಿಗಳು.

ಆ ದರ್ಬಾರು ನಡೆದ ಆರನೇ ದಿನ, ಆಗಸ್ಟ್ 16ರಂದು, ಫ್ರಾನ್ಸ್ ಸರ್ಕಾರ ಹಣ ಪಾವತಿಯನ್ನು ನಿಲ್ಲಿಸಿತು. ಖಜಾನೆ ದಿವಾಳಿಯಾಗಿತ್ತು. ಮುಂದಿನ ವರ್ಷ ಕ್ರಾಂತಿ. 1793ರಲ್ಲಿ ಆ ರಾಜನ ತಲೆಯೇ ಹೋಯಿತು. ಅದಕ್ಕೂ ಹಿಂದೆ, 1783ರಲ್ಲೇ ಫ್ರೆಂಚರು ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು ಕೈತೊಳೆದುಕೊಂಡಿದ್ದರು. ಸಾವಿರಾರು ದೀಪದ ಅರಮನೆ ರಾಯಭಾರಿಗಳ ಕಣ್ಣಿಗೆ ಕಂಡಿತು. ಆ ದೀಪದ ಎಣ್ಣೆಗೂ ಸಾಲ ಮಾಡಿದ್ದಾರೆಂಬುದು ಕಾಣುವುದು ಹೇಗೆ? ಅದಕ್ಕೆ ಆ ದೇಶದ ತೆರಿಗೆ, ಸಾಲ, ಜಮೀನ್ದಾರರು, ಪಾದ್ರಿಗಳ ಹಕ್ಕು ಇವುಗಳ ಚರಿತ್ರೆ ತಿಳಿದ ಕಣ್ಣು ಬೇಕಿತ್ತು. ಸುಲ್ತಾನರ ಧೈರ್ಯ, ಶಹಾದತ್ ಎರಡೂ ದೊಡ್ಡವು. ಆದರೆ ಯುರೋಪಿನ ಸಾಮಾನು ತಿಳಿಯುವುದು ಬೇರೆ, ಯುರೋಪನ್ನು ತಿಳಿಯುವುದು ಬೇರೆ ಎಂಬ ಪಾಠವೂ ಆ ಚರಿತ್ರೆಯಲ್ಲಿದೆ. ಇವತ್ತು ನಮ್ಮ ಹುಡುಗರು ಅಮೆರಿಕದ ಕಂಪನಿಯ ಸಾಫ್ಟ್‌ವೇರ್ ಬಲ್ಲರು, ಅಮೆರಿಕ ಬಲ್ಲರೇ?

ಇನ್ನು ನಮ್ಮ ಎರಿ ಹೊಲಕ್ಕೆ ಬರೋಣ. ಹುಬ್ಬಳ್ಳಿ ಹತ್ತಿಯ ಪೇಟೆಯಾಗಿ ಬೆಳೆದ ಊರು ಎಂದು ಎಲ್ಲರಿಗೂ ಗೊತ್ತು. ಅದರ ಹಿಂದಿನ ಕಥೆ ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ಶುರುವಾಗುತ್ತದೆ. ಅಲ್ಲಿ ಹಬೆಯ ಗಿರಣಿಗಳು ಎದ್ದವು. ಗಿರಣಿಗೆ ಅರಳೆ ಬೇಕು. ಅದನ್ನು ಬೆಳೆದುಕೊಡುತ್ತಿದ್ದದ್ದು ಅಮೆರಿಕದ ದಕ್ಷಿಣ ಸೀಮೆ, ಆಫ್ರಿಕಾದಿಂದ ಎಳೆದು ತಂದ ಗುಲಾಮರ ಬೆವರಿನಲ್ಲಿ. ಆ ಗುಲಾಮರಲ್ಲಿ ಮುಸ್ಲಿಮರೂ ಇದ್ದರು. ಒಂದೇ ದೇಶವನ್ನು ನೆಚ್ಚಿಕೊಂಡರೆ ಅಪಾಯವೆಂದು ಇಂಗ್ಲಿಷರು 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು. ಬೀಜ ಬಿಡಿಸುವ ಗರಗಸದ ಜಿನ್ ಯಂತ್ರಗಳೂ ಬಂದವು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಿಂದಲೇ ಆ ಅರಳೆ ವಿಲಾಯತಿಯ ಪೇಟೆಯಲ್ಲಿ ಮಾರಾಟವಾಗುತ್ತಿತ್ತು.

1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಲ್ಯಾಂಕಾಷೈರ್‌ನ ಗಿರಣಿ ಕೂಲಿಗಳು ಉಪವಾಸ ಬಿದ್ದರು. ಇತ್ತ ನಮ್ಮ ಕಡೆ ಹತ್ತಿಯ ದರ ಮುಗಿಲಿಗೆ ಏರಿತು. 1865ರಲ್ಲಿ ಯುದ್ಧ ನಿಂತಿತು, ದರ ನೆಲ ಕಚ್ಚಿತು, ಮುಂಬಯಿಯ ಪೇಢಿಗಳು ಮುಳುಗಿದವು. ಲಿಂಕನ್‌ರ ಹೆಸರನ್ನೇ ಕೇಳದ ರೈತನ ಸಾಲ-ಸುಗ್ಗಿ ಲಿಂಕನ್‌ರ ಯುದ್ಧದ ಮೇಲೆ ನಿಂತಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂದು ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಹಾಕಿದ್ದಕ್ಕೂ ಅರಳೆಯನ್ನು ಬಂದರಿಗೆ ಸಾಗಿಸುವ ಲೆಕ್ಕಾಚಾರಕ್ಕೂ ಸಂಬಂಧವಿದೆ. ಅದೇ ರೈಲು ಮರಳಿ ಬರುವಾಗ ಮ್ಯಾಂಚೆಸ್ಟರಿನ ಬಟ್ಟೆ ತಂದು ನಮ್ಮ ನೇಕಾರರ ಮಗ್ಗವನ್ನು ನಿಲ್ಲಿಸಿತು. ಆ ವರ್ಕ್‌ಶಾಪಿನಲ್ಲಿ ಅಜ್ಜ, ಅಬ್ಬಾ ದುಡಿದ ಮನೆಗಳು ಹುಬ್ಬಳ್ಳಿಯ ಓಣಿ ಓಣಿಯಲ್ಲಿವೆ. ಈ ಮನೆಯ ಮಗುವಿಗೆ ಕೈಗಾರಿಕಾ ಕ್ರಾಂತಿ ದೂರದ ಕಥೆ ಹೇಗಾದೀತು?

ಇಲ್ಲಿ ಒಂದು ಅಡ್ಡ ಮಾತು. ಪಾಶ್ಚಾತ್ಯರ ಪ್ರಸ್ತಾಪ ಬಂದ ಕೂಡಲೇ ನಮ್ಮ ಸಭೆಗಳಲ್ಲಿ, “ಅವರಲ್ಲಿರುವುದೆಲ್ಲ ನಮ್ಮಿಂದ ಹೋದದ್ದೇ” ಎಂದು ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಹೋದದ್ದು ನಿಜ. 12ನೇ ಶತಮಾನದಲ್ಲಿ ಸ್ಪೇನಿನ ತುಲೈತುಲಾದಲ್ಲಿ, ಅಂದರೆ ಟೊಲೆಡೊದಲ್ಲಿ, ಕ್ರೆಮೊನಾದ ಜೆರಾರ್ಡ್ ಒಬ್ಬರೇ 70ಕ್ಕೂ ಹೆಚ್ಚು ಅರಬಿ ಗ್ರಂಥಗಳನ್ನು ಲ್ಯಾಟಿನ್‌ಗೆ ತಂದರು. ಇಬ್ನ್ ಸೀನಾರ ‘ಅಲ್ ಕಾನೂನ್’ 17ನೇ ಶತಮಾನದವರೆಗೆ ಯುರೋಪಿನ ವೈದ್ಯರ ಪಠ್ಯವಾಗಿತ್ತು. ಕುರ್ತುಬಾದ ಕಾಜಿ ಇಬ್ನ್ ರುಶ್ದ್‌ರನ್ನು ಪ್ಯಾರಿಸ್ಸಿನ ವಿದ್ವಾಂಸರು ತಲೆ ಬಿಸಿ ಮಾಡಿಕೊಂಡು ಓದಿದರು, ರಾಫೇಲ್ ಎಂಬ ಕಲಾವಿದ ಪೋಪರ ಅರಮನೆಯ ಗೋಡೆಯ ಮೇಲೆ ಗ್ರೀಕ್ ಜ್ಞಾನಿಗಳ ನಡುವೆ ಅವರಿಗೆ ಪೇಟಾ ಕಟ್ಟಿ ನಿಲ್ಲಿಸಿದ. ಆದರೆ ಮಾತನ್ನು ಪೂರ್ತಿ ಹೇಳಬೇಕು. ಆ ಇಬ್ನ್ ರುಶ್ದ್‌ರನ್ನು 1195ರಲ್ಲಿ ಗಡೀಪಾರು ಮಾಡಿ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಸುಡಿಸಿದ್ದು ಅವರದೇ ಊರಿನಲ್ಲಿ. ನಮ್ಮವರು ಬಿಟ್ಟದ್ದನ್ನು ಅವರು ಎತ್ತಿಕೊಂಡರು, ಅದಕ್ಕೆ ತಮ್ಮದನ್ನೂ ಬೇಕಾದಷ್ಟು ಸೇರಿಸಿದರು. ಅಜ್ಜನ ಆಸ್ತಿಯ ಲೆಕ್ಕ ಹೇಳುತ್ತ ಕೂತ ಮೊಮ್ಮಗನಿಗೆ ಹೊಟ್ಟೆ ತುಂಬುವುದಿಲ್ಲ.

ಓದುಗರಲ್ಲಿ ಕೆಲವರಿಗೆ ಇದೆಲ್ಲ ಪಂಡಿತರ ವಿಷಯ ಎನಿಸಬಹುದು. ಹಾಗಿದ್ದರೆ ರೇಷನ್ ಕಾರ್ಡಿನಷ್ಟು ಹತ್ತಿರದ ವಿಷಯ ಹೇಳುತ್ತೇನೆ. ನಾವು ನಮಾಜ್ ಮಾಡಲು, ಮದ್ರಸಾ ಮತ್ತು ಶಾಲೆ ನಡೆಸಲು ಆಧಾರವಾಗಿರುವ ಹಕ್ಕುಗಳು ಸಂವಿಧಾನದ 25ರಿಂದ 30ರವರೆಗಿನ ವಿಧಿಗಳಲ್ಲಿವೆ. ಮೂಲಭೂತ ಹಕ್ಕುಗಳನ್ನು ಬರೆಯುವಾಗ ನಮ್ಮ ಹಿರಿಯರು ಅಮೆರಿಕದ ಹಕ್ಕುಗಳ ಮಸೂದೆಯನ್ನು ಮುಂದಿಟ್ಟುಕೊಂಡಿದ್ದರು. ರಾಜ್ಯನೀತಿಯ ನಿರ್ದೇಶಕ ತತ್ತ್ವಗಳನ್ನು ಐರ್ಲೆಂಡಿನಿಂದ ತೆಗೆದುಕೊಂಡರು. ಯುರೋಪಿನವರಿಗೆ ಈ ಬುದ್ಧಿ ಎಲ್ಲಿಂದ ಬಂತು? ಒಳ್ಳೆಯತನದಿಂದ ಬರಲಿಲ್ಲ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರದಬ್ಬಿತು, ಆಗ ಅವರಿಗೆ ಬಾಗಿಲು ತೆರೆದವರು ಉಸ್ಮಾನಿ ಸುಲ್ತಾನ ಬಾಯಜೀದ್. 1609ರಿಂದ 1614ರ ನಡುವೆ ಬಲವಂತವಾಗಿ ಕ್ರೈಸ್ತರಾಗಿದ್ದ ಸುಮಾರು 3 ಲಕ್ಷ ಮುಸ್ಲಿಂ ಮೂಲದವರನ್ನೂ ಸ್ಪೇನ್ ಓಡಿಸಿತು. ಇದರ ಜೊತೆಗೆ ಕ್ಯಾಥೊಲಿಕರು, ಪ್ರೊಟೆಸ್ಟಂಟರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. 1618ರಿಂದ 1648ರವರೆಗೆ ಮೂವತ್ತು ವರ್ಷ ನಡೆದ ಯುದ್ಧದಲ್ಲಿ ಜರ್ಮನಿಯ ಊರಿಗೆ ಊರೇ ಪಾಳು ಬಿದ್ದವು. ಇಷ್ಟು ರಕ್ತ ಹರಿದ ಮೇಲೆ ಸರ್ಕಾರ ಯಾರ ಈಮಾನನ್ನೂ ಕತ್ತಿಯಿಂದ ಅಳೆಯಬಾರದು ಎಂಬ ವಿಚಾರ ಮೆಲ್ಲಗೆ ಬೇರುಬಿಟ್ಟಿತು. ಸಹಿಷ್ಣುತೆಯ ಕುರಿತು ಜಾನ್ ಲಾಕ್ ಬರೆದು 1689ರಲ್ಲಿ ಪ್ರಕಟವಾದ ಪತ್ರ ಆ ಹಾದಿಯ ಒಂದು ಮೈಲಿಗಲ್ಲು. ‘ಸೆಕ್ಯುಲರ್’ ಎಂಬ ಮಾತನ್ನು ಕೆಲವರು ಬೈಗುಳದಂತೆ, ಕೆಲವರು ತಾಯತದಂತೆ ಬಳಸುತ್ತಾರೆ. ಅದರ ಹಿಂದಿನ ಈ ಚರಿತ್ರೆ ಓದಿದ ಹುಡುಗ ಕೋರ್ಟಿನಲ್ಲೋ ಕಾಲೇಜಿನಲ್ಲೋ ನಿಂತು ತನ್ನ ಹಕ್ಕಿನ ಬಗ್ಗೆ ಮಾತಾಡಿದರೆ ಆ ಮಾತಿಗೆ ತೂಕ ಬೇರೆ.

ಇನ್ನು ಇಂಥ ಓದಿನಿಂದ ಮಕ್ಕಳ ಈಮಾನ್ ಸಡಿಲವಾಗುತ್ತದೆಂಬ ಭಯ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ತಾಯಂದಿರ ಭಯದಲ್ಲಿ ಪ್ರೀತಿ ಇದೆ. ಆದರೆ ನಮ್ಮಲ್ಲೇ ಹಳೆಯ ಮಾದರಿಗಳಿವೆ. ಅಲ್‌ಬೇರೂನಿ ಸುಮಾರು 1030ರಲ್ಲಿ ಹಿಂದೂಸ್ತಾನದ ಬಗ್ಗೆ ಗ್ರಂಥ ಬರೆಯುವ ಮೊದಲು ಸಂಸ್ಕೃತ ಕಲಿತರು, ಪಂಡಿತರ ಬಳಿ ಕೂತರು. ತಮಗೆ ಒಪ್ಪಿಗೆಯಾಗದ ನಂಬಿಕೆಯನ್ನೂ ನಂಬುವವರು ಹೇಳುವ ಹಾಗೆಯೇ ಬರೆದಿಟ್ಟರು, ಸೋಲಿಸುವ ಆತುರ ತೋರಲಿಲ್ಲ. ಅವರ ಇಸ್ಲಾಂ ಅದರಿಂದ ಕರಗಲಿಲ್ಲ. ಲಖನೌದ ಮಿರ್ಜಾ ಅಬೂ ತಾಲಿಬ್ ಖಾನ್ 1799ರಿಂದ 1803ರವರೆಗೆ ಇಂಗ್ಲೆಂಡ್, ಫ್ರಾನ್ಸ್ ಸುತ್ತಿ ಬಂದು ಫಾರಸಿಯಲ್ಲಿ ಪ್ರವಾಸ ಕಥನ ಬರೆದರು. ಅದರಲ್ಲಿ ಇಂಗ್ಲಿಷರ ದೋಷಗಳ ಪಟ್ಟಿ ಉದ್ದಕ್ಕೆ ಇದೆ. ದೀನಿನಲ್ಲಿ ಶ್ರದ್ಧೆಯಿಲ್ಲ, ಗರ್ವ ಹೆಚ್ಚು, ದುಡ್ಡಿನ ಆಸೆ ವಿಪರೀತ ಎಂದು. ಹಿಂದೆಯೇ ಅವರ ಗುಣಗಳ ಪಟ್ಟಿಯೂ ಇದೆ. ಮಾನಕ್ಕೆ ಅಂಜುತ್ತಾರೆ, ಯೋಗ್ಯತೆ ಎಲ್ಲಿದ್ದರೂ ಗೌರವಿಸುತ್ತಾರೆ ಎಂದು. ನಮ್ಮ ಇಂದಿನ ಭಾಷಣಗಳಲ್ಲಿ ಮೊದಲ ಪಟ್ಟಿ ಮಾತ್ರ ಉಳಿದಿದೆ, ನಮ್ಮ ಹುಡುಗರ ಮೊಬೈಲಿನಲ್ಲಿ ಎರಡನೆಯದು ಮಾತ್ರ.

ಎಲ್ಲಿಂದ ಶುರು ಮಾಡುವುದು? ಐಎಎಸ್ ಕನಸು ಕಾಣುವ ಮಕ್ಕಳಿಗೆ ಹೇಳಬೇಕಾದದ್ದಿಲ್ಲ. ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಮೊದಲ ಪತ್ರಿಕೆಯಲ್ಲಿ 18ನೇ ಶತಮಾನದಿಂದ ಈಚಿನ ಜಗತ್ತಿನ ಇತಿಹಾಸ ಇದ್ದೇ ಇದೆ. ಪದವಿ, ಎಂಎ ಮಾಡುವವರಿಗೆ ಧಾರವಾಡದಲ್ಲಿ 1917ರ ಕರ್ನಾಟಕ ಕಾಲೇಜು, ಅದರ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ, ಎರಡೂ ಬಸ್ಸಿನ ದಾರಿಯಲ್ಲಿವೆ. ಉಳಿದವರಿಗೆ ಅಷ್ಟು ದೂರವೂ ಬೇಡ. ನಮ್ಮ ರಾಜ್ಯದ ಪ್ರಥಮ ಪಿಯುಸಿ ಆರ್ಟ್ಸ್‌ನ ಇತಿಹಾಸ ಪುಸ್ತಕ ಕನ್ನಡದಲ್ಲೇ ಇರುವ ಜಗತ್ತಿನ ಇತಿಹಾಸ. ಗ್ರೀಕರು, ರೋಮನ್ನರು, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಉದಯ, ಪುನರುಜ್ಜೀವನ, ಅಮೆರಿಕ ಮತ್ತು ಫ್ರಾನ್ಸಿನ ಕ್ರಾಂತಿ ಎಲ್ಲ ಅದರಲ್ಲಿವೆ. ಒಂದು ವಿಚಿತ್ರ ನೋಡಿ. ನಮ್ಮ ಮನೆಗಳಲ್ಲಿ ಗಂಡು ಮಕ್ಕಳಿಗೆ ಸೈನ್ಸು, ಕಾಮರ್ಸು. ಹೆಣ್ಣು ಮಕ್ಕಳಿಗೆ ಖರ್ಚು ಕಡಿಮೆ, ಕಾಲೇಜು ಹತ್ತಿರ ಎಂದು ಆರ್ಟ್ಸು. ಹೀಗಾಗಿ ಫ್ರಾನ್ಸಿನ ಕ್ರಾಂತಿ ಓದಿರುವುದು ಮನೆಯ ಮಗಳು, ಓದದಿರುವುದು ಇಂಜಿನಿಯರ್ ಅಣ್ಣ. ಅವಳು ಓದಿದ್ದನ್ನು ಊಟದ ದಸ್ತರಖ್ವಾನಿನ ಮುಂದೆ ಕೇಳುವವರು ಯಾರೂ ಇಲ್ಲ. ಮುಂದೆ ಓದುತ್ತೇನೆಂದರೆ, “ಹಿಸ್ಟರಿ ಓದಿ ಏನು ಮಾಡುತ್ತಿ?” ಎನ್ನುವವರು ಮಾತ್ರ ಬಹಳ.

ಅಮ್ಮಿ-ಅಬ್ಬಾ ಈ ವಾರ ಆ ಪುಸ್ತಕವನ್ನು ಕೈಗೆ ತೆಗೆದುಕೊಳ್ಳಲಿ. ಫ್ರಾನ್ಸಿನ ಕ್ರಾಂತಿಯ ಅಧ್ಯಾಯವನ್ನು ಮಗಳಿಂದಲೇ ಗಟ್ಟಿಯಾಗಿ ಓದಿಸಿ ಕೇಳಲಿ. ಖಜಾನೆ ಖಾಲಿಯಾದ ಸಂಗತಿ ಬಂದಾಗ ಪುಟದ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ಹೀಗೆ ಬರೆದುಕೊಳ್ಳಬಹುದು: 1788, ಆಗಸ್ಟ್ 10, ಶ್ರೀರಂಗಪಟ್ಟಣದ ಮೂವರು ಆ ಅರಮನೆಯಲ್ಲಿದ್ದರು.